ನರಕದಿಂದ ಬಂದ ಹೊನ್ನವ್ವ ಆಂಟಿ

ಬಾಯಲ್ಲಿ ಎರಡು ಕ್ಲಿಪ್ಪು, ತೋಳಿನ ಮೇಲೆ ಅಪ್ಪನ ಮೂರು ಶರ್ಟು, ಹೆಗಲ ಮೇಲೆ ಅಜ್ಜಿಯ ಸೀರೆ. ಇಂಚರಾ ತುದಿಗಾಲಲ್ಲಿ ನಿಂತು ಟೆರೇಸಿನ ತಂತಿಯಿಂದ ಕೊನೆಯ ಟವೆಲ್ ಎಳೆಯುತ್ತಿದ್ದಳು. ನಂದಿನಿ ಲೇಔಟಿನ ಮೇಲೆಲ್ಲ ಮೋಡ ಕವಿದಿತ್ತು. "ಒಂದು ಹನಿ ಬಿದ್ರೂ ಎಲ್ಲಾ ಮತ್ತೆ ಒಗೀಬೇಕು, ಓಡು ಓಡು" ಎಂದು ಅಮ್ಮ ಅವಸರ ಮಾಡಿ ಕಳಿಸಿದ್ದರು.

ಆಗಲೇ ಆ ಮಾತು ಕೇಳಿಸಿದ್ದು.

ಟೆರೇಸಿನ ಮೂಲೆಯಲ್ಲಿ ಒಂದು ಸಿಂಗಲ್ ರೂಮ್ ಇದೆ. ನಾಲ್ಕು ತಿಂಗಳಿಂದ ಅಲ್ಲಿ ಹೊನ್ನವ್ವ ಆಂಟಿ ಬಾಡಿಗೆಗೆ ಇದ್ದರು. ಬಾಗಲಕೋಟೆ ಕಡೆಯವರು. ಬೆಳಿಗ್ಗೆಯೆಲ್ಲ ದಪದಪ ಅಂತ ಜೋಳದ ರೊಟ್ಟಿ ತಟ್ಟಿ, ಬುಟ್ಟಿ ತುಂಬಿಕೊಂಡು ಹೋಗಿ, ಲಗ್ಗೆರೆಯ ಒಂದು ಖಾನಾವಳಿಗೆ ಕೊಟ್ಟು ಬರುತ್ತಿದ್ದರು. ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಎದುರು ಸಿಕ್ಕರೆ ಒಂದು ನಗು, ಅಷ್ಟೇ.

ಈಗ ಅವರು ಕಿಟಕಿಯ ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಆ ಸುಡುಗಾಡಿಗೆ ನಾ ಮತ್ತ ಕಾಲಿಡಂಗಿಲ್ಲ ಅಕ್ಕಾ. ಸತ್ತು ಹೋಗಿದ್ದೆ ನಾ. ಹನ್ನೊಂದು ವರ್ಷ ನರಕದಾಗ ಇದ್ದು ಬಂದೀನಿ. ನಾ ಇಲ್ಲೆ ಅದೀನಂತ ಯಾರಿಗೂ ಹೇಳಬ್ಯಾಡ."

ಇಂಚರಾಳ ಬಾಯಿಂದ ಕ್ಲಿಪ್ಪುಗಳು ಉದುರಿದವು. ಟಕ್, ಟಕ್.

ಒಳಗಿನ ಮಾತು ನಿಂತಿತು. ಕಿಟಕಿಯ ಪರದೆ ಒಂದಿಷ್ಟೇ ಸರಿಯಿತು. ಅದರ ಅಂಚಿನಲ್ಲಿ ಒಂದು ಕಣ್ಣು ಮಾತ್ರ ಕಾಣಿಸಿತು. ಇಂಚರಾ ಟವೆಲನ್ನು ತಂತಿಯ ಮೇಲೇ ಬಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತ ಕೆಳಗೆ ಓಡಿದಳು.

ಸುಡುಗಾಡು ಅಂದರೆ ಹೆಣ ಸುಡುವ ಜಾಗ. ಅದು ಅವಳಿಗೆ ಗೊತ್ತಿತ್ತು. ಸತ್ತು ಹೋಗಿದ್ದೆ ಅಂದರು. ನರಕದಲ್ಲಿ ಇದ್ದು ಬಂದೆ ಅಂದರು. ಮೊದಲು ಸಾಯುವುದು, ಆಮೇಲೆ ಸುಡುಗಾಡು, ಆಮೇಲೆ ನರಕ. ಒಂದಾದ ಮೇಲೊಂದು ಎಲ್ಲ ಸರಿಯಾಗಿಯೇ ಕೂಡಿ ಬರುತ್ತಿತ್ತು. ಇನ್ನೇನು ಬೇಕು?

ಹಾಲಿನಲ್ಲಿ ಅಜ್ಜಿ ಕಾಲು ಚಾಚಿ ಕೂತು ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದರು.

"ಅಜ್ಜಿ, ನರಕ ನಿಜವಾಗ್ಲೂ ಇದೆಯಾ?"

"ಇಲ್ದೆ ಏನು? ನನ್ನ ಬೀರು ಬಾಗಿಲಲ್ಲಿ ಪಟ ನೋಡಿಲ್ವಾ ನೀನು?"

ನೋಡದೆ ಏನು! ಆ ಪಟ ನೋಡಿ ಇಂಚರಾ ಚಿಕ್ಕವಳಿದ್ದಾಗ ಎಷ್ಟೋ ಸಲ ಅಮ್ಮನ ಪಕ್ಕ ಹೋಗಿ ಮಲಗಿದ್ದಳು. ಸುಳ್ಳು ಹೇಳಿದವನ ನಾಲಿಗೆ ಎಳೆಯುತ್ತಿದ್ದಾರೆ. ಕದ್ದವನನ್ನು ಮುಳ್ಳಿನ ಮರಕ್ಕೆ ಕಟ್ಟಿದ್ದಾರೆ. ದೊಡ್ಡ ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಿದೆ, ಅದರಲ್ಲಿ ನಾಲ್ಕು ಜನ ಬೋಂಡದ ಹಾಗೆ ತೇಲುತ್ತಿದ್ದಾರೆ.

"ಅಲ್ಲಿಗೆ ಹೋದೋರು ವಾಪಸ್ ಬರಬಹುದಾ?"

"ಮಾಡಿದ ಪಾಪ ಎಲ್ಲಾ ಕಳೆದ ಮೇಲೆ ಬರ್ತಾರೆ. ಬೇರೆ ಜನ್ಮ ಎತ್ತಿ, ಮಗುವಾಗಿ ಹುಟ್ತಾರೆ."

"ಮಗುವಾಗದೆ? ಹಾಗೇ ದೊಡ್ಡೋರಾಗೇ? ಬ್ಯಾಗ್ ತಗೊಂಡು, ಬಸ್ಸಲ್ಲಿ?"

ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. "ಏನೇ ಇವತ್ತು ನಿಂದು? ಸ್ಕೂಲಲ್ಲಿ ಸುಳ್ಳುಗಿಳ್ಳು ಹೇಳಿ ಬಂದಿದೀಯಾ?"

ಸಂಜೆ ಅಪ್ಪನನ್ನೂ ಕೇಳಿದಳು. ಅಪ್ಪ ಹೆಲ್ಮೆಟ್ ತೆಗೆಯುತ್ತಾ, "ಸಾಯೋ ತನಕ ಯಾಕಮ್ಮಾ ಕಾಯ್ತೀಯ? ನಾಳೆ ಸಂಜೆ ಆರು ಗಂಟೆಗೆ ನನ್ನ ಜೊತೆ ರಿಂಗ್ ರೋಡ್ ಟ್ರಾಫಿಕ್ಕಿಗೆ ಬಾ. ಟಿಕೆಟ್ ಇಲ್ದೇನೇ ತೋರಿಸ್ತೀನಿ" ಎಂದು ನಕ್ಕುಬಿಟ್ಟರು.

ಅಪ್ಪ ಎಲ್ಲದಕ್ಕೂ ಜೋಕ್ ಮಾಡುತ್ತಾರೆ. ಆದರೆ ಹೊನ್ನವ್ವ ಆಂಟಿಯ ದನಿಯಲ್ಲಿ ನಗು ಇರಲಿಲ್ಲ. ಇಂಚರಾಗೆ ಅದೇ ಅನುಮಾನ.

ಮರುದಿನ ಅವಳು ಪಕ್ಕದ ಮನೆಯ ಕಶ್ಯಪ್‌ಗೆ ಹೇಳಿದಳು. ಇಬ್ಬರೂ ಐದನೇ ಕ್ಲಾಸು, ಒಂದೇ ಸೆಕ್ಷನ್ನು. ಯಾರಿಗೂ ಹೇಳುವುದಿಲ್ಲ ಎಂದು ಅವನಿಂದ ಗಾಡ್ ಪ್ರಾಮಿಸ್ ಮಾಡಿಸಿಕೊಂಡೇ ಹೇಳಿದಳು.

"ಕಾಲು ನೋಡಿದೀಯಾ?" ಎಂದ ಕಶ್ಯಪ್. "ಪಾದ ಉಲ್ಟಾ ಇರತ್ತೆ ಕಣೇ."

ಟೆರೇಸಿನಲ್ಲಿ ಬಾಲ್ ಆಡುವ ನೆಪ ಮಾಡಿದರು. ಹೊನ್ನವ್ವ ಆಂಟಿ ಬಾಗಿಲಲ್ಲಿ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಕಶ್ಯಪ್ ಬಾಲನ್ನು ಬೇಕಂತಲೇ ಅವರ ಕಾಲಿನ ಬಳಿ ಉರುಳಿಸಿ, ಮೊಣಕಾಲೂರಿ ಕೂತು, ಬಾಲಿಗಿಂತ ಹೆಚ್ಚಾಗಿ ಪಾದವನ್ನೇ ನೋಡಿದ.

"ಏನೋ ತಮ್ಮಾ, ಏನ್ ಬೇಕು?" ಎಂದರು ಆಂಟಿ. ದನಿ ಒರಟಾಗಿತ್ತು. ಹಿಟ್ಟಿನ ಕೈಯಿಂದಲೇ ಸೀರೆಯನ್ನು ಪಾದದ ಮೇಲೆ ಎಳೆದುಕೊಂಡರು.

"ಸ್ಟ್ರೇಟಾಗೇ ಇದೆ" ಎಂದ ಕಶ್ಯಪ್, ಕೆಳಗೆ ಬಂದ ಮೇಲೆ. "ಆದ್ರೆ ಯಾಕೆ ಮುಚ್ಕೊಂಡ್ರು ಹೇಳು?"

"ಉಲ್ಟಾ ಇರೋದು ದೆವ್ವಕ್ಕೆ. ನರಕದಿಂದ ಬಂದೋರಿಗೆ ಬೇರೆ ರೂಲ್ ಇರತ್ತೆ."

"ಕೈ ನೋಡಿದ್ಯಾ? ಕಪ್ಪು ಕಪ್ಪು ಬರೆ!"

ಇಂಚರಾ ನೋಡಿದ್ದಳು. ಬಲಗೈ ಬೆರಳುಗಳ ಮೇಲೆ, ಮಣಿಕಟ್ಟಿನ ಹತ್ತಿರ, ಸುಟ್ಟ ಗುರುತುಗಳು. ಎಣ್ಣೆ ಬಾಣಲೆ ನೆನಪಾಗಿ ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಮೂರನೇ ದಿನ ಕಶ್ಯಪ್ ನೀರಿನ ಪೈಪು ಹತ್ತಿ ಕಿಟಕಿಯಲ್ಲಿ ಇಣುಕಿದ. ಒಳಗೆ ಏನೋ ಬಿದ್ದ ಸದ್ದಾಯಿತು, ಕಿಟಕಿ ಧಡ್ ಅಂತ ಮುಚ್ಚಿತು. ಅವನು ಜಾರಿ ಬಿದ್ದು ಮೊಣಕೈ ತರಚಿಕೊಂಡ. ಮಾರನೆಯ ದಿನ ಟೆರೇಸಿನ ಕಸದ ಮೂಲೆಯಲ್ಲಿ ಇಂಚರಾಗೆ ಹರಿದ ಕಾಗದದ ಚೂರುಗಳು ಸಿಕ್ಕವು. ದೊಡ್ಡ ದೊಡ್ಡ ಅಕ್ಷರ, ಆಗಷ್ಟೇ ಕಲಿತವರು ಬರೆದ ಹಾಗೆ. ಒಂದು ಚೂರಿನಲ್ಲಿ 'ಆ ನರಕದಾಗ' ಎಂದಿತ್ತು. ಇನ್ನೊಂದರಲ್ಲಿ 'ಬಿಟ್ಟು ಬಂದೆ'. ಮತ್ತೊಂದರಲ್ಲಿ ಬರೀ 'ನರಕ', ಅದರ ಮೇಲೆ ಗೀಟು ಹೊಡೆದಿತ್ತು.

"ಪ್ರೂಫ್ ಸಿಕ್ತು" ಎಂದ ಕಶ್ಯಪ್.

ಅವನ ಗಾಡ್ ಪ್ರಾಮಿಸ್ ಎರಡು ದಿನ ಬಾಳಿತು. ಶನಿವಾರ ಬೆಳಿಗ್ಗೆ ಹೊನ್ನವ್ವ ಆಂಟಿ ರೊಟ್ಟಿ ಬುಟ್ಟಿ ಹೊತ್ತು ಗೇಟು ದಾಟುವಾಗ, ಎದುರು ಮನೆಯ ನಿಖಿತಾ ಸೈಕಲ್ ಓಡಿಸುತ್ತಿದ್ದಳು. ಯುಕೆಜಿ ಹುಡುಗಿ. ಆಂಟಿಯನ್ನು ಕಂಡದ್ದೇ ತಡ, ಸೈಕಲ್ ಬಿಸಾಕಿ, "ಮಮ್ಮೀ! ನರಕದ ಆಂಟಿ! ನನ್ನ ಎಣ್ಣೇಲಿ ಹಾಕ್ತಾರೆ!" ಎಂದು ಕಿರುಚುತ್ತಾ ಒಳಗೆ ಓಡಿದಳು.

ಬೀದಿಯಲ್ಲಿ ಎರಡು ಮೂರು ಕಿಟಕಿ ತೆರೆದವು. ಹೊನ್ನವ್ವ ಆಂಟಿ ನಿಂತಲ್ಲೇ ನಿಂತರು. ಸುತ್ತ ನೋಡಿದರು. ಗೇಟಿನ ಹಿಂದೆ ನಿಂತಿದ್ದ ಇಂಚರಾಳ ಕಣ್ಣಿಗೆ ಅವರ ಕಣ್ಣು ಸಿಕ್ಕಿತು. ಅವರು ಬೈಯಲಿಲ್ಲ. ಹೆದರಿದ್ದರು. ದೊಡ್ಡವರು ಅಷ್ಟು ಹೆದರಿದ್ದನ್ನು ಇಂಚರಾ ಅದುವರೆಗೆ ನೋಡಿರಲಿಲ್ಲ.

ನರಕದಿಂದ ಬಂದವರನ್ನು ಕಂಡು ನಾವು ಹೆದರಬೇಕು. ಅವರು ಯಾಕೆ ಹೆದರುತ್ತಾರೆ? ಆ ದಿನವೆಲ್ಲ ಅವಳಿಗೆ ಇದೇ ಯೋಚನೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಹೇಳಿದರು. "ಹೊನ್ನವ್ವ ರೂಮ್ ಖಾಲಿ ಮಾಡ್ತೀನಿ ಅಂದ್ರು. ಇವತ್ತೇ ಅಂತೆ. ಎಲ್ಲಿಗೆ ಅಂದ್ರೆ ಗೊತ್ತಿಲ್ಲ ಅಂತಾರೆ."

"ಅಯ್ಯೋ, ಯಾಕಂತೆ?" ಎಂದರು ಅಜ್ಜಿ. "ಒಂದು ಜೋರು ಮಾತಿಲ್ಲ, ಒಂದು ಜಗಳ ಇಲ್ಲ. ನೀನೇನಾದ್ರೂ ಅಂದ್ಯಾ?"

"ನಾನೇನು ಅನ್ನಲಿ ಅತ್ತೆ! ಯಾರೋ ಅವರನ್ನ ಹುಡುಕ್ಕೊಂಡು ಬಂದಿದಾರೆ ಅಂತ ಏನೇನೋ ಹೇಳ್ತಾರೆ."

ಇಂಚರಾ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಳು. ಕೈ ತೊಳೆದವಳೇ ಮೆಟ್ಟಿಲು ಹತ್ತಿದಳು. ಈ ಸಲ ಒಂದೊಂದೇ ಮೆಟ್ಟಿಲು.

ರೂಮಿನ ಬಾಗಿಲು ತೆರೆದಿತ್ತು. ರೊಟ್ಟಿಯ ಹಂಚನ್ನು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಹೊನ್ನವ್ವ ಆಂಟಿ ಸೀರೆಗಳನ್ನು ಬ್ಯಾಗಿಗೆ ತುರುಕುತ್ತಿದ್ದರು.

"ಆಂಟಿ..."

ಅವರು ಬೆಚ್ಚಿ ತಿರುಗಿದರು. "ಯಾರು ಕಳಿಸ್ಯಾರ ನಿನ್ನ?"

"ಯಾರೂ ಇಲ್ಲ."

"ಖರೇ ಹೇಳು. ಆ ಹುಡುಗ ನನ್ನ ಕಾಲು ನೋಡತಾನ, ಕೈ ನೋಡತಾನ, ಕಿಟಕ್ಯಾಗ ಇಣಕತಾನ. ನಾಕೈದು ದಿನ ಆತು ನಾ ಸರಿ ಮಲಗಿಲ್ಲ. ನಮ್ಮೂರವ್ರು ಯಾರರ ಬಂದು ನನ್ನ ಗುರುತು ಕೇಳಿದ್ರೇನು?"

"ಇಲ್ಲ ಆಂಟಿ." ಇಂಚರಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೇಳದಿದ್ದರೆ ಆಂಟಿ ಹೋಗಿಯೇಬಿಡುತ್ತಾರೆ. "ನಾನೇ. ಎಲ್ಲಾ ನಾನೇ ಮಾಡಿದ್ದು. ನೀವು ಫೋನಲ್ಲಿ ಹೇಳೋದು ಕೇಳಿಸ್ಕೊಂಡೆ. ಸತ್ತು ಹೋಗಿದ್ದೆ, ಸುಡುಗಾಡು, ನರಕದಲ್ಲಿ ಇದ್ದು ಬಂದೆ ಅಂತ. ಅದಕ್ಕೇ... ನೀವು ನಿಜವಾಗ್ಲೂ ಸತ್ತು, ಅಲ್ಲಿಂದ... ಅದಕ್ಕೇ ಕಶ್ಯಪ್ ಕಾಲು ನೋಡಿದ್ದು. ಉಲ್ಟಾ ಇದೆಯಾ ಅಂತ."

ಹೊನ್ನವ್ವ ಆಂಟಿ ಅವಳನ್ನೇ ನೋಡಿದರು. ಕೈಯಲ್ಲಿದ್ದ ಸೀರೆ ಕೆಳಗೆ ಜಾರಿತು. ಆಮೇಲೆ ಗೋಡೆಗೆ ಒರಗಿ ಕೂತರು.

"ಕಾಲು ಉಲ್ಟಾ..." ಎಂದರು. ಒಮ್ಮೆಗೇ ನಗು ಬಂತು ಅವರಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾ ಅಂದ್ಕೊಂಡೆ ನನ್ನ ಗುರುತು ಹಿಡೀಲಾಕ ಬಂದಾನ ಅಂತ!" ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

"ಕುಂದ್ರು ಬಾ ಇಂಚರವ್ವಾ" ಎಂದರು.

ಇಂಚರಾ ಹತ್ತಿರ ಕೂತಳು. ಬಲಗೈಯ ಬರೆಗಳನ್ನು ಮೆಲ್ಲಗೆ ತೋರಿಸಿದಳು. "ಇದು ಎಣ್ಣೆಯಿಂದ ಅಲ್ವಾ?"

"ಇದು ಹಂಚಿಂದು. ರೊಟ್ಟಿ ಮಾಡೋರ ಕೈ ಎಲ್ಲಾ ಹಿಂಗ ಇರತಾವು."

"ಮತ್ತೆ ಇದು?"

ಎಡತೋಳಿನ ಒಳಭಾಗದಲ್ಲಿ ಉದ್ದಕ್ಕೆ ಇನ್ನೊಂದು ಗುರುತಿತ್ತು. ಹಳೆಯದು. ಹೊನ್ನವ್ವ ಆಂಟಿ ಸೆರಗನ್ನು ಅದರ ಮೇಲೆ ಎಳೆದುಕೊಂಡರು. ಇಂಚರಾ ಮತ್ತೆ ಕೇಳಲಿಲ್ಲ.

ಬ್ಯಾಗಿನಿಂದ ಜಾರಿದ ಸೀರೆಯ ಮಡಿಕೆಯಲ್ಲಿ ಒಂದು ಕವರ್ ಇಣುಕುತ್ತಿತ್ತು. ಸ್ಟ್ಯಾಂಪ್ ಅಂಟಿಸಿದ, ಅಂಚೆಲ್ಲ ಮಾಸಿದ ಕವರ್. ಮೇಲೆ ಅದೇ ದೊಡ್ಡ ಅಕ್ಷರಗಳಲ್ಲಿ 'ಕುಮಾರಿ ದಾನಮ್ಮ, ಬಾಲಕಿಯರ ಹಾಸ್ಟೆಲ್' ಎಂದಿತ್ತು.

"ದಾನಮ್ಮ ಯಾರು?"

"ನನ್ನ ಮಗಳು. ನಿನ್ನ ವಾರಿಗಿನ. ಹತ್ತು ತುಂಬೇತಿ." ಆಂಟಿ ಕವರನ್ನು ಅಂಗೈಯಿಂದ ಸವರಿದರು. "ಹಾಸ್ಟೆಲ್‌ಗೆ ಹಾಕ್ಯಾರ ಅಂತ ನಮ್ಮಕ್ಕ ಹೇಳಿದ್ಲು. ಅಲ್ಲೆ ಹುಡುಗ್ಯಾರಿಗೆ ಫೋನ್ ಕೊಡಂಗಿಲ್ಲ. ಕಾಗದ ಆದ್ರ ಕೊಡತಾರ. ಒಂದು ವರ್ಷ ಆತು ಈ ಕವರ್ ತಂದು, ಈ ರೂಮಿಗೆ ಬರೂಕ ಮೊದಲ."

ಕವರಿನೊಳಗೆ ಕಾಗದ ಇರಲಿಲ್ಲ.

"ಏನಂತ ಬರೀಲಿ? ನಿಮ್ಮವ್ವ ನಿನ್ನ ಬಿಟ್ಟು ಓಡಿ ಹೋದ್ಲು ಅಂತ ಆ ಕೂಸಿಗೆ ಹೇಳ್ಯಾರ. ಯಾಕ ಬಂದೆ ಅಂತ ನಾ ಹೇಳಬೇಕಲ್ಲ. ಪ್ರತಿ ಸಲ ನರಕ ಅಂತ ಬರೀತೀನಿ, ಹರೀತೀನಿ. ಅದರ ಮುಂದ ಕೈ ಓಡಂಗಿಲ್ಲ."

ಇಂಚರಾ ಯೋಚಿಸಿದಳು. "ನರಕ ಅಂತ ಬರೀಬೇಡಿ ಆಂಟಿ. ಅವಳಿಗೆ ಗೊತ್ತಾಗಲ್ಲ. ನಂಗೇ ಗೊತ್ತಾಗಿಲ್ಲ ಅಲ್ವಾ? ಅವಳೂ ಬಾಣಲೆ, ಮುಳ್ಳು ಅಂತ ಅಂದ್ಕೋತಾಳೆ."

"ಮತ್ತೇನು ಬರೀಲವ್ವಾ?"

"ಅಲ್ಲಿ ಏನಾಯ್ತೋ ಅದನ್ನ."

ಬಾಗಿಲಲ್ಲಿ ಏದುಸಿರು ಕೇಳಿಸಿತು. ಅಜ್ಜಿ! ಮಂಡಿ ನೋವಿನವರು, ಟೆರೇಸಿಗೆ ಬಂದು ಎಷ್ಟು ತಿಂಗಳಾಗಿತ್ತೋ. ಕಂಬಿ ಹಿಡಿದು ಹಿಡಿದು ಹತ್ತಿ ಬಂದಿದ್ದರು. ಯಾವಾಗಿನಿಂದ ನಿಂತಿದ್ದರೋ, ಹೊಸ್ತಿಲ ಮೇಲೆ ಕೂತರು.

ಹೊನ್ನವ್ವ ಆಂಟಿ ಕವರನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನೆಲ ನೋಡುತ್ತಾ ಹೇಳಿದರು.

"ಗಂಡನ ಮನ್ಯಾಗ ಹೊರಗಿಂದ ಚಿಲಕ ಹಾಕತಿದ್ರು ನನಗ. ಹೊಲದ ಕೆಲಸ ಮುಗದ ಕೂಡಲೇ ಒಳಗ ಹಾಕಿ ಚಿಲಕ. ಎದುರು ಮಾತಾಡಿದ್ರ ಊಟ ಇಲ್ಲ. ಒಮ್ಮೆ ಮೂರು ದಿನ. ದಾನಮ್ಮ ಸಣ್ಣಾಕಿ, ಚಿಲಕ ಕೈಗೆ ಸಿಗತಿರಲಿಲ್ಲ ಅಕಿಗೆ. ಕಟಕ ರೊಟ್ಟಿ ತೆಳ್ಳಗ ಇರತೈತಿ ನೋಡ್ರಿ, ಒಣಗಿದ್ದು. ಅದನ್ನ ಬಾಗಲ ಕೆಳಗಿನ ಸಂದ್ಯಾಗ ಸರಸತಿದ್ಲು. ತುಂಡ ಆಗಬಾರದಂತ ಮೆಲ್ಲಕ. ಸರಿಸಿ, 'ಅವ್ವಾ, ಮುಟ್ಟಿತೇನು?' ಅಂತ ಕೇಳತಿದ್ಲು."

ಕೆಳಗೆ ಯಾರದೋ ಮನೆಯ ಕುಕ್ಕರ್ ಕೂಗಿತು.

"ಒಂದಿನ ಚಿಲಕ ಹಾಕೋದು ಮರತ್ರು. ದಾನಮ್ಮ ಸಾಲಿಗೆ ಹೋಗಿದ್ಲು. ಅಕಿಗೆ ಕಾದ್ರ ಮತ್ತ ಚಿಲಕ ಬೀಳತಿತ್ತು. ಬಂದ್ಬಿಟ್ಟೆ."

ಇಂಚರಾ ಆ ಬಾಗಿಲನ್ನು ಕಂಡಳು. ಅದರ ಕೆಳಗೆ ಸಣ್ಣ ಬೆರಳುಗಳು, ರೊಟ್ಟಿಯ ಅಂಚು. ಅಜ್ಜಿಯ ಪಟದಲ್ಲಿ ಅಂಥದ್ದೊಂದು ಬಾಗಿಲೇ ಇರಲಿಲ್ಲ.

"ಹಾಗಾದ್ರೆ ಅವಳಿಗೆ ಗೊತ್ತಿದೆ ಆಂಟಿ" ಎಂದಳು. "ರೊಟ್ಟಿ ಕೊಟ್ಟೋಳು ಅವಳೇ ಅಲ್ವಾ? ರೊಟ್ಟಿ ಮುಟ್ಟಿತು ಅಂತ ಬರೀರಿ ಸಾಕು."

ಹೊನ್ನವ್ವ ಆಂಟಿ ಅವಳ ಮುಖ ನೋಡಿದರು. ಆಮೇಲೆ ಎದ್ದು ಒಂದು ಹಾಳೆ ತಂದು ನೆಲದ ಮೇಲೆ ಬಗ್ಗಿ ಕೂತರು. ಪೆನ್ನು ಒತ್ತಿದರು, ಗೀಚಿದರು, ಕೊಡವಿದರು. "ಈ ಸುಡುಗಾಡು ಪೆನ್ನು ಬರೆಯಂಗಿಲ್ಲ ನೋಡು!"

ಇಂಚರಾ ಕಣ್ಣರಳಿಸಿದಳು. ಪೆನ್ನು ಕೂಡ ಸುಡುಗಾಡೇ! ಕಿಸಕ್ಕನೆ ನಕ್ಕು, ಕೆಳಗೆ ಓಡಿ, ತನ್ನ ನೀಲಿ ಪೆನ್ನು ತಂದುಕೊಟ್ಟಳು.

ಒಂದೊಂದೇ ಅಕ್ಷರ. ಒತ್ತಕ್ಷರ ಬಂದಾಗ ಆಂಟಿ ನಿಲ್ಲುತ್ತಿದ್ದರು, ಇಂಚರಾ ಅಂಗೈ ಮೇಲೆ ಬರೆದು ತೋರಿಸುತ್ತಿದ್ದಳು. ನಡುವೆ, "ಅವಳು ಇಲ್ಲಿಗೆ ಬಂದ್ರೆ ಎಲ್ಲಿ ಮಲಗ್ತಾಳೆ ಅಂತ ಬರೀರಿ, ನಾನಾಗಿದ್ರೆ ಮೊದಲು ಅದನ್ನೇ ಕೇಳ್ತಿದ್ದೆ" ಎಂದಳು. ಆಂಟಿ ಅದನ್ನೂ ಬರೆದರು. ಕಿಟಕಿ ಪಕ್ಕ ಜಾಗ ಐತಿ, ಚಿಲಕ ಒಳಗಿನಿಂದ ಐತಿ.

"ಆಂಟಿ, ಸತ್ತ ಮೇಲೂ ನರಕ ಇರತ್ತಾ?" ಇಂಚರಾ ಮೆಲ್ಲಗೆ ಕೇಳಿದಳು.

"ಅದು ನನಗೇನು ಗೊತ್ತವ್ವಾ? ನಾ ಇದ್ದದ್ದು ನನಗ ಗೊತ್ತು."

ಇಂಚರಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಏನಾದರೂ ಹೇಳುತ್ತಾರೆಂದು ಕಾದಳು. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

ಕವರಿನ ಹಿಂಭಾಗಕ್ಕೆ ಬಂದಾಗ ಆಂಟಿಯ ಕೈ ನಿಂತಿತು. ಕಳಿಸುವವರ ವಿಳಾಸ. "ಇದು ಬೇರೆಯವ್ರ ಕೈಗೆ ಸಿಕ್ರ ನಾ ಎಲ್ಲಿ ಅದೀನಂತ ತಿಳಿತೈತಿ. ಬರೀದಿದ್ರ ದಾನಮ್ಮ ಉತ್ತರ ಹೆಂಗ ಹಾಕತಾಳ?"

ಅಜ್ಜಿ ಕನ್ನಡಕ ಹಾಕಿಕೊಂಡರು. "ಬರಿಯಮ್ಮಾ. ಮನೆ ನಂಬರು, ಕ್ರಾಸು, ಪಿನ್ ಕೋಡು, ಎಲ್ಲಾ ಬರಿ. ಯಾರಾದ್ರೂ ಬಂದ್ರೆ ಮೊದಲು ಗೇಟಲ್ಲಿ ನಾನು ಸಿಗ್ತೀನಿ. ಇಡೀ ದಿನ ಅಲ್ಲೇ ಕೂತಿರ್ತೀನಲ್ಲ, ನಂಗೇನು ಬೇರೆ ಕೆಲಸ? ಬರಲಿ, ನೋಡೋಣ."

"ನಿಮಗ ಯಾಕ ತ್ರಾಸ ಅಮ್ಮಾರ..."

"ತ್ರಾಸೂ ಇಲ್ಲ ಏನೂ ಇಲ್ಲ. ಆ ಹಂಚು ಗೋಣಿಯಿಂದ ಈಚೆ ತೆಗಿ ಮೊದಲು."

ಸಂಜೆ ಐದಕ್ಕೆ ಇಂಚರಾ ಮತ್ತು ಹೊನ್ನವ್ವ ಆಂಟಿ ಗೇಟು ದಾಟಿದರು. ಕಶ್ಯಪ್ ಕಾಂಪೌಂಡ್ ಮೇಲೆ ಕೂತಿದ್ದ. ಆಂಟಿ ನಾಲ್ಕು ಹೆಜ್ಜೆ ಮುಂದೆ ಹೋಗುವುದನ್ನೇ ಕಾದು ಪಿಸುಗುಟ್ಟಿದ.

"ಏನೇ? ಒಪ್ಕೊಂಡ್ರಾ? ಎಲ್ಲಿದೆಯಂತೆ ನರಕ?"

ಹೇಳಲು ಇಂಚರಾಳ ಬಾಯಿ ತೆರೆಯಿತು. ಚಿಲಕ, ರೊಟ್ಟಿ, ಎಲ್ಲ ನಾಲಿಗೆಯ ತುದಿಗೇ ಬಂದಿತ್ತು.

"ಅದು ಆಂಟಿ ವಿಷ್ಯ ಕಣೋ" ಎಂದಳು. "ಅವರೇ ಯಾವತ್ತಾದ್ರೂ ಹೇಳಿದ್ರೆ ಕೇಳ್ಕೋ."

ಎದುರು ಮನೆಯ ಗೇಟಿನ ಕಂಬಿಗಳ ನಡುವೆ ನಿಖಿತಾಳ ಎರಡು ಕಣ್ಣು ಕಾಣಿಸಿದವು. ಇಂಚರಾ ಓಡಿ ಹೋಗಿ ಹೊನ್ನವ್ವ ಆಂಟಿಯ ಕೈ ಹಿಡಿದುಕೊಂಡಳು. ಬರೆಗಳಿದ್ದ ಕೈಯನ್ನೇ. ನಿಖಿತಾಗೆ ಚೆನ್ನಾಗಿ ಕಾಣಲೆಂದು ಸ್ವಲ್ಪ ಮೇಲಕ್ಕೇ ಎತ್ತಿ ಹಿಡಿದಳು.

ಪಾರ್ಕಿನ ಮೂಲೆಯಲ್ಲಿ ಕೆಂಪು ಅಂಚೆ ಡಬ್ಬಿ. ಆಂಟಿ ಕವರಿನ ಎರಡೂ ಬದಿ ಇನ್ನೊಮ್ಮೆ ಓದಿದರು. ಕಿಂಡಿಗೆ ಅರ್ಧ ತೂರಿಸಿ, ಅಲ್ಲಿಯೇ ನಿಂತರು. ಹಿಂದೆ ಎರಡು ಸ್ಕೂಟರ್ ಹೋದವು. ತಳ್ಳಿಬಿಡಿ ಎಂದು ಇಂಚರಾ ಹೇಳಲಿಲ್ಲ. ಹೇಳಬೇಕೆಂದೂ ಅನ್ನಿಸಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತಿದ್ದಳು, ಎಷ್ಟು ಹೊತ್ತಾದರೂ ನಿಲ್ಲುವವಳ ಹಾಗೆ.

ಹೊನ್ನವ್ವ ಆಂಟಿ ಕಾಗದವನ್ನು ಎರಡು ಬೆರಳಿನಿಂದ ಮೆಲ್ಲಗೆ, ಮಡಚದ ಹಾಗೆ, ಒಳಗೆ ಸರಿಸಿದರು.